ಒಳಗೆ ಅಡಗಿದ ಕ್ಲಚ್ಚು

ಕ್ಲಚ್ ಪೆಡಲ್ ಇಲ್ಲದ ಕಾರುಗಳು ನಮ್ಮ ಮಹಾನಗರಗಳಲ್ಲಿ ಈಗ ಅಪರೂಪವಲ್ಲ. ಅವುಗಳಲ್ಲಿ ಟಾರ್ಕ್ ಕನ್ವರ್ಟರ್ ಇರುವ ಗಾಡಿಗಳ ಒಳಗೆ ಒಂದು ಕ್ಲಚ್ಚು ಕಣ್ಣಿಗೆ ಬೀಳದಂತೆ ಕುಳಿತಿರುತ್ತದೆ. ಅದು ಒಮ್ಮೆ ಬಂದು, ಮರೆಯಾಗಿ, ಮತ್ತೆ ಬಂದ ಕಥೆ ಸ್ವಾರಸ್ಯವಾದದ್ದು.

ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ರಸ್ತೆಗಾಗಿ ಅಲ್ಲ, ಸಮುದ್ರಕ್ಕಾಗಿ. ಅಂದು ಜರ್ಮನಿಯಲ್ಲಿದ್ದ ಸ್ಟೆಟಿನ್ ಬಂದರಿನ ವುಲ್ಕನ್ ಹಡಗು ಕಾರ್ಖಾನೆಯ ಇಂಜಿನಿಯರ್ ಹೆರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಗಿಯ ಟರ್ಬೈನು ಅತಿ ವೇಗವಾಗಿ ತಿರುಗುತ್ತದೆ. ಹಡಗಿನ ಪ್ರೊಪೆಲರ್ ನಿಧಾನವಾಗಿ ತಿರುಗಿದರೇ ಚೆನ್ನ. ಇವೆರಡರ ನಡುವೆ ಅವರು ಹಲ್ಲುಚಕ್ರದ ಬದಲು ದ್ರವವನ್ನು ತಂದಿಟ್ಟರು. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುವುದಿಲ್ಲವೇ? ಕಾರಿನಲ್ಲಿ ಗಾಳಿಯ ಕೆಲಸವನ್ನು ಎಣ್ಣೆ ಮಾಡುತ್ತದೆ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದ್ದು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದುವುದರಿಂದ, ಗಾಡಿ ಹೊರಡುವಾಗ ಇಂಜಿನ್ನಿನ ತಿರುಚುಬಲ ಸುಮಾರು ಎರಡು ಪಟ್ಟಾಗಿ ಚಕ್ರಕ್ಕೆ ಸಿಗುತ್ತದೆ.

ಆದರೆ ಎರಡನೆಯ ಫ್ಯಾನು ಮೊದಲನೆಯದರ ವೇಗವನ್ನು ಎಂದೂ ಪೂರ್ತಿ ಮುಟ್ಟದು. ಹಿಂದೆ ಬಿದ್ದಷ್ಟೂ ಪೆಟ್ರೋಲು ಎಣ್ಣೆಯನ್ನು ಬಿಸಿಮಾಡಲಿಕ್ಕೇ ಖರ್ಚು! ಅಮೆರಿಕದ ಬ್ಯೂಕ್ ಕಾರಿನಲ್ಲಿ 1948ರಲ್ಲಿ ಬಂದ ಡೈನಫ್ಲೋ ಬೆಣ್ಣೆಯಷ್ಟು ನಯವಾಗಿತ್ತು. ಜನ ಮಾತ್ರ ಅದರ ಮಂದಗತಿಯನ್ನು ಹಿಮದ ಕೆಸರಿಗೆ ಹೋಲಿಸಿ ಅಡ್ಡಹೆಸರಿಟ್ಟರು.

ಮರುವರ್ಷವೇ, 1949ರಲ್ಲಿ, ಪ್ಯಾಕರ್ಡ್ ಕಂಪನಿಯ ಅಲ್ಟ್ರಾಮ್ಯಾಟಿಕ್ ಇದಕ್ಕೆ ಮದ್ದು ತಂದಿತು. ಗಾಡಿ ವೇಗ ಹಿಡಿದ ಮೇಲೆ ಒಂದು ಕ್ಲಚ್ಚು ತಾನಾಗಿ ಕಚ್ಚಿಕೊಂಡು ಕನ್ವರ್ಟರಿನ ಎರಡು ಭಾಗಗಳನ್ನೂ ಒಂದಾಗಿಸುತ್ತಿತ್ತು. ಇಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಆಮೇಲೆ ಜಾರಿಕೆ ಎಂಬುದೇ ಇಲ್ಲ. ಇದೇ ಲಾಕಪ್ ಕ್ಲಚ್. 1950ರಲ್ಲಿ ಸ್ಟೂಡ್‌ಬೇಕರ್ ಕೂಡ ಇದನ್ನು ಅಳವಡಿಸಿತು. ಆದರೆ ಪೆಟ್ರೋಲು ನೀರಿನಂತೆ ಅಗ್ಗವಾಗಿದ್ದ ನಾಡಿನಲ್ಲಿ ಉಳಿತಾಯ ಯಾರಿಗೆ ಬೇಕಿತ್ತು? 1956ರ ಹೊತ್ತಿಗೆ ಎರಡೂ ಕಂಪನಿಗಳು ಅದನ್ನು ಕೈಬಿಟ್ಟವು.

ನಮ್ಮ ರೈಲ್ವೆಯ ಇಂಜಿನಿಯರ್ ಮನಮೋಹನ್ ಸೂರಿಯವರು ಡೀಸೆಲ್ ಇಂಜಿನ್ನುಗಳಿಗೆಂದು ರೂಪಿಸಿದ ಸೂರಿ ಟ್ರಾನ್ಸ್‌ಮಿಷನ್ನಿನಲ್ಲಿಯೂ ಇದೇ ವಿವೇಕವಿದೆ. ಹೊರಡಲು ಕನ್ವರ್ಟರ್, ಓಟಕ್ಕೆ ನೇರ ಜೋಡಣೆ. 1962ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿತು. ಚಿತ್ತರಂಜನ್‌ನಲ್ಲಿ ತಯಾರಾದ ಶಂಟಿಂಗ್ ಇಂಜಿನ್ನುಗಳಲ್ಲಿ ಈ ವ್ಯವಸ್ಥೆ ದುಡಿಯಿತು. ಅಮೆರಿಕದ ಪ್ರಸಿದ್ಧ ಕಾರುಗಳಷ್ಟು ಇದರ ಮಾತು ನಮ್ಮಲ್ಲಿ ಕೇಳಿಬರದಿರುವುದು ವಿಷಾದದ ಸಂಗತಿ.

1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಅಮೆರಿಕದ ಕಣ್ಣು ತೆರೆಯಿತು. 1975ರ ಕಾನೂನು, ಕಾರು ತಯಾರಕರು ಗ್ಯಾಲನ್ನಿಗೆ ಇಂತಿಷ್ಟು ಮೈಲಿಯ ಸರಾಸರಿ ಕೊಡಲೇಬೇಕೆಂದಿತು. 1978ರ ಮಾದರಿಗಳಲ್ಲಿ ಕ್ರೈಸ್ಲರ್ ಕಂಪನಿ ಲಾಕಪ್ ಕ್ಲಚ್ಚನ್ನು ಮರಳಿ ತಂದಿತು, ಉಳಿದವರು ಹಿಂಬಾಲಿಸಿದರು. ಪ್ಯಾಕರ್ಡ್ ಹೆಸರಿನ ಕಾರು ನಿಂತುಹೋಗಿ ಆಗಲೇ ಇಪ್ಪತ್ತು ವರ್ಷ! ಕ್ರೈಸ್ಲರಿನದು ಮೇಲಿನ ಗೇರಿನಲ್ಲಿ ಮಾತ್ರ ಕಚ್ಚುತ್ತಿತ್ತು. ಕಂಪ್ಯೂಟರ್ ನಿಯಂತ್ರಣ ಬಂದ ಮೇಲೆ ಕೆಳಗಿನ ಗೇರುಗಳಲ್ಲೂ, ಬೇಕಾದಷ್ಟೇ ಜಾರಗೊಟ್ಟು ಧಡಕಿಯಿಲ್ಲದೆ ಕಚ್ಚಿಸುವುದು ಸಾಧ್ಯವಾಯಿತು.

ಇಂಥ ಗಾಡಿಯಲ್ಲಿ ಪುಣೆಯಿಂದ ಊರಿಗೆ ಹೊರಟವರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇಂಜಿನ್ ಸುತ್ತು ತೋರುವ ಮುಳ್ಳನ್ನು ಗಮನಿಸಬಹುದು. ಗೇರು ಬದಲಾಗದೆಯೂ ಮುಳ್ಳು ತುಸು ಕೆಳಗಿಳಿದರೆ, ಒಳಗಿನ ಕ್ಲಚ್ಚು ಕಚ್ಚಿಕೊಂಡಿತೆಂದೇ ತಿಳಿಯಬೇಕು.