ಕನ್ನಡಕದ ಅಂಗಡಿ: ಯಾವ ಬಿಡಿಭಾಗಗಳು ಸಂಗ್ರಹದಲ್ಲಿರಬೇಕು?

ಗದಗ: ಕನ್ನಡಕದ ಕಡ್ಡಿಯನ್ನು ಫ್ರೇಮಿಗೆ ಜೋಡಿಸುವ ಸ್ಕ್ರೂ ಅಕ್ಕಿಕಾಳಿಗಿಂತ ಚಿಕ್ಕದು. ಅದು ಕಳಚಿ ಬಿದ್ದರೆ ನೂರಾರು ರೂಪಾಯಿ ತೆತ್ತು ಮಾಡಿಸಿದ ಕನ್ನಡಕವೂ ಮೂಲೆ ಸೇರುತ್ತದೆ. ನಗರವಾಸಿಗಳು ಪಕ್ಕದ ಬೀದಿಯ ಅಂಗಡಿಗೆ ಹೋಗಿ ಸರಿಪಡಿಸಿಕೊಳ್ಳಬಹುದು. ಆದರೆ ತುಂಗಭದ್ರೆಯ ದಡದ ಸಿಂಗಟಾಲೂರಿನಂಥ ಊರಿನವರು ಇದಕ್ಕಾಗಿ ತಾಲ್ಲೂಕು ಕೇಂದ್ರ ಮುಂಡರಗಿಗೋ, ಅಲ್ಲಿ ದೊರೆಯದಿದ್ದರೆ ಗದಗಕ್ಕೋ ಬಸ್ಸು ಹಿಡಿಯಬೇಕಾಗುತ್ತದೆ. ಹಾಗೆ ಬಂದವರಿಗೆ 'ಆ ಸೈಜಿನ ಸ್ಕ್ರೂ ಇಲ್ಲ, ಮುಂದಿನ ವಾರ ಬನ್ನಿ' ಎಂಬ ಉತ್ತರ ದೊರೆತರೆ ಒಂದು ದಿನದ ಕೂಲಿ ಹಾಗೂ ಬಸ್ ಚಾರ್ಜು ಎರಡೂ ವ್ಯರ್ಥ. ಆದ್ದರಿಂದ ಸಣ್ಣ ಊರಿನ ಕನ್ನಡಕದ ಅಂಗಡಿಯಲ್ಲಿ ಯಾವ ಬಿಡಿಭಾಗಗಳಿವೆ ಎಂಬುದು ಕೇವಲ ವ್ಯಾಪಾರಿಯ ವಿಷಯವಲ್ಲ.

ದೃಷ್ಟಿಯ ಬೆಲೆ

ನಲವತ್ತು ದಾಟಿದವರು ಓದಲು ಬಳಸುವ ಕನ್ನಡಕಕ್ಕೆ ನಮ್ಮಲ್ಲಿ 'ಚಾಳೀಸು' ಎಂಬ ಹೆಸರೇ ಇದೆ. ಹತ್ತಿರದ ದೃಷ್ಟಿ ಮಂದವಾಗಿಯೂ ಸೂಕ್ತ ಪರಿಹಾರ ದೊರೆಯದವರ ಸಂಖ್ಯೆ ಜಗತ್ತಿನಲ್ಲಿ ಸುಮಾರು 82.6 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ದೃಷ್ಟಿ ವರದಿಯಲ್ಲಿ ಅಂದಾಜಿಸಿತ್ತು. ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ, 40 ವರ್ಷ ಮೀರಿದ ಕಾರ್ಮಿಕರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ದುಡಿಮೆ, ಪಡೆಯದವರಿಗೆ ಹೋಲಿಸಿದರೆ ಶೇ 21.7ರಷ್ಟು ಹೆಚ್ಚಿದ್ದು ಅದರಲ್ಲಿ ಕಂಡುಬಂತು. ಬೆಟಗೇರಿಯ ನೇಕಾರರು ಎಳೆ ಜೋಡಿಸುವಾಗ, ಮುಂಡರಗಿ ಸೀಮೆಯ ರೈತರು ಕೀಟನಾಶಕದ ಬಾಟಲಿಯ ಮೇಲಿನ ಪ್ರಮಾಣ ಓದುವಾಗ ಇದೇ ಮಾತು ಅನ್ವಯಿಸುತ್ತದೆ. ಕನ್ನಡಕ ವಿತರಿಸುವುದು ಎಷ್ಟು ಮುಖ್ಯವೋ, ಅದು ಬಳಕೆಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಮೊದಲ ಸ್ಥಾನ ಸ್ಕ್ರೂಗೆ

ಕನ್ನಡಕದಲ್ಲಿ ಮುಖ್ಯವಾಗಿ ಮೂರು ಬಗೆಯ ಸ್ಕ್ರೂಗಳಿರುತ್ತವೆ. ಕಡ್ಡಿಯ ಕೀಲಿಗೆ ಒಂದು, ಗಾಜಿನ ಸುತ್ತಲಿನ ಲೋಹದ ಚೌಕಟ್ಟನ್ನು ಬಿಗಿಯುವುದಕ್ಕೆ ಒಂದು, ಮೂಗಿನ ಪ್ಯಾಡಿಗೆ ಒಂದು. ಕೀಲು ಹಾಗೂ ಚೌಕಟ್ಟಿಗೆ ಸಾಮಾನ್ಯವಾಗಿ 1.2 ಅಥವಾ 1.4 ಮಿ.ಮೀ. ವ್ಯಾಸದವು, ಪ್ಯಾಡಿಗೆ 1.0 ಅಥವಾ 1.2 ಮಿ.ಮೀ. ವ್ಯಾಸದವು ಬಳಕೆಯಾಗುತ್ತವೆ. ಮರೆ ಸವೆದ ಹಳೆಯ ರಂಧ್ರಕ್ಕೆ 1.6 ಮಿ.ಮೀ. ಸ್ಕ್ರೂ ನೆರವಾಗುತ್ತದೆ, ಆದರೆ ಅದಕ್ಕಾಗಿ ರಂಧ್ರಕ್ಕೆ ಹೊಸದಾಗಿ ಮರೆ ಹಾಕಬೇಕಾಗುತ್ತದೆ.

ಇಲ್ಲಿ ವ್ಯಾಸವೊಂದೇ ಮುಖ್ಯವಲ್ಲ. ರೂಢಿಯ ಅಳತೆಯಂತೆ 1.2 ಮಿ.ಮೀ. ಸ್ಕ್ರೂವಿನ ಮರೆಗಳ ನಡುವಿನ ಅಂತರ 0.25 ಮಿ.ಮೀ., 1.4 ಮಿ.ಮೀ. ಸ್ಕ್ರೂವಿನದು 0.3 ಮಿ.ಮೀ. ಕಣ್ಣಿಗೆ ಒಂದೇ ರೀತಿ ತೋರುವ ಇವುಗಳಲ್ಲಿ ಒಂದರ ಜಾಗಕ್ಕೆ ಮತ್ತೊಂದನ್ನು ಒತ್ತಿ ತಿರುಗಿಸಿದರೆ ಫ್ರೇಮಿನ ಒಳಮರೆಯೇ ಹಾಳಾಗುತ್ತದೆ. ಸರಿಯಾದ ಅಳತೆ ತಿಳಿಯಲು ಸುಲಭ ಉಪಾಯವೆಂದರೆ ಅದೇ ಕನ್ನಡಕದ ಇನ್ನೊಂದು ಬದಿಯ ಸ್ಕ್ರೂ ಬಿಚ್ಚಿ ವರ್ನಿಯರ್‌ನಿಂದ ಅಳೆಯುವುದು. ವ್ಯಾಸ, ಉದ್ದ, ತಲೆಯ ಅಗಲ ಮೂರನ್ನೂ ನೋಡಬೇಕು.

ಉದ್ದದ ವಿಷಯದಲ್ಲಿ ಎಲ್ಲ ಅಳತೆಗಳನ್ನೂ ಇಡುವ ಅಗತ್ಯವಿಲ್ಲ. ಉದ್ದನೆಯ ಸ್ಕ್ರೂ ಇದ್ದರೆ ಹೆಚ್ಚಾದ ತುದಿಯನ್ನು ಕತ್ತರಿಸಿ, ಅರದಿಂದ ಉಜ್ಜಿ ನಯಗೊಳಿಸಬಹುದು. ಗಿಡ್ಡ ಸ್ಕ್ರೂವನ್ನು ಉದ್ದ ಮಾಡಲಾಗದು. ಸ್ಪ್ರಿಂಗ್ ಕೀಲಿನ ಕಡ್ಡಿಗೆ ಮಾತ್ರ ಚೂಪು ಬಾಲವುಳ್ಳ ವಿಶೇಷ ಸ್ಕ್ರೂ ಇರಲೇಬೇಕು. ಸ್ಪ್ರಿಂಗಿನ ಸೆಳೆತದಿಂದ ಸರಿದ ರಂಧ್ರಗಳ ಮೂಲಕ ಬಾಲವನ್ನು ತೂರಿಸಿ, ಬಿಗಿದ ಮೇಲೆ ಅದನ್ನು ಮುರಿದು ತೆಗೆಯುತ್ತಾರೆ.

ಮೂಗಿನ ಪ್ಯಾಡು

ಬೆವರು, ಎಣ್ಣೆ, ಧೂಳು ಸೇರಿ ಪ್ಯಾಡುಗಳು ಹಳದಿಯಾಗುತ್ತವೆ, ಗಟ್ಟಿಯಾಗುತ್ತವೆ. ಬಯಲುಸೀಮೆಯ ಬಿಸಿಲಿನಲ್ಲಿ ದುಡಿಯುವವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಪ್ಯಾಡಿನ ಸುತ್ತ ಕಾಣುವ ಹಸಿರು ಕಲೆ, ಫ್ರೇಮಿನ ಲೋಹದಲ್ಲಿರುವ ತಾಮ್ರ ಬೆವರಿನೊಡನೆ ವರ್ತಿಸಿದ್ದರ ಫಲ.

ಪ್ಯಾಡುಗಳಲ್ಲಿ ಸ್ಕ್ರೂ ಹಾಕುವವು, ಒತ್ತಿ ಕೂಡಿಸುವವು ಎಂದು ಎರಡು ಮುಖ್ಯ ಬಗೆ. ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲವಾದ್ದರಿಂದ ಎರಡನ್ನೂ ಇಡಬೇಕು. 13 ಮತ್ತು 15 ಮಿ.ಮೀ. ಉದ್ದದ ಸಿಲಿಕಾನ್ ಪ್ಯಾಡುಗಳಿದ್ದರೆ ಬಹುಪಾಲು ಗ್ರಾಹಕರಿಗೆ ಸಾಕಾಗುತ್ತದೆ. ಒಂದು ಹಾಳಾಗಿದ್ದರೂ ಜೋಡಿಯನ್ನೇ ಬದಲಿಸುವುದು ಲೇಸು. ಇಲ್ಲವಾದರೆ ಕನ್ನಡಕ ಒಂದು ಬದಿಗೆ ವಾಲುತ್ತದೆ.

ಇತರ ಅಗತ್ಯ ವಸ್ತುಗಳು

ಅರ್ಧ ಚೌಕಟ್ಟಿನ ಕನ್ನಡಕದಲ್ಲಿ ಗಾಜಿನ ಕೆಳಭಾಗವನ್ನು ಹಿಡಿಯುವುದು ನೈಲಾನ್ ದಾರ. ಸುಮಾರು 0.5ರಿಂದ 0.6 ಮಿ.ಮೀ. ದಪ್ಪದ ಒಂದು ಸುರುಳಿ ತಿಂಗಳುಗಟ್ಟಲೆ ಬಾಳುತ್ತದೆ. ದಾರ ಸಡಿಲವಾದರೆ ಗಾಜು ಜಾರಿ ಬಿದ್ದು ಒಡೆಯುವ ಅಪಾಯವಿರುವುದರಿಂದ ಇದನ್ನು ಐಚ್ಛಿಕ ವಸ್ತುವೆಂದು ಭಾವಿಸಬಾರದು. ಕಿವಿಯ ಹಿಂದೆ ಕೂರುವ ಪ್ಲಾಸ್ಟಿಕ್ ತುದಿಗಳು ಕಪ್ಪು ಮತ್ತು ಕಂದು ಬಣ್ಣದಲ್ಲಿ ಕೆಲವು ಜೊತೆ ಇರಲಿ. ಚೌಕಟ್ಟೇ ಇಲ್ಲದ ಕನ್ನಡಕಗಳಿಗೆ ಬೇಕಾಗುವ ನಟ್ಟು, ಪ್ಲಾಸ್ಟಿಕ್ ವಾಷರ್‌ಗಳು ಸ್ವಲ್ಪವೇ ಸಾಕು.

ಬಿಚ್ಚಿಕೊಳ್ಳುವ ಸ್ಕ್ರೂವನ್ನು ನಿಲ್ಲಿಸಲು ಮರೆಗೆ ಹಚ್ಚುವ ದ್ರವವೂ ಬೇಕು. ಆದರೆ ಅದು ತಗುಲಿದರೆ ಕೆಲವು ಪ್ಲಾಸ್ಟಿಕ್ ಗಾಜುಗಳು ಬಿರುಕು ಬಿಡುತ್ತವೆ. ಸೂಜಿಮೊನೆಯಷ್ಟು ಮಾತ್ರ ಬಳಸುವುದು ಕ್ಷೇಮ.

ಯಾವುದನ್ನು ಇಡಬಾರದು

ಬ್ರಾಂಡ್ ಫ್ರೇಮುಗಳ ಕಡ್ಡಿಗಳನ್ನು ಅಂದಾಜಿನ ಮೇಲೆ ಖರೀದಿಸಿ ತುಂಬಿಕೊಳ್ಳುವುದು ಹಣ ಹೂತಿಟ್ಟಂತೆ. ಮಾದರಿ ಬದಲಾದಂತೆ ಕೀಲಿನ ಅಗಲ, ಬಾಗು, ಬಣ್ಣ ಎಲ್ಲವೂ ಬದಲಾಗುತ್ತವೆ. ಇಂಥವನ್ನು ಬೇಡಿಕೆ ಬಂದಾಗ ತರಿಸುವುದೇ ಸೂಕ್ತ. ಕಡ್ಡಿಯ ಒಳಬದಿಯಲ್ಲಿ ಮುದ್ರಿತವಾದ 52-18-140 ಎಂಬಂಥ ಸಂಖ್ಯೆಗಳು ಆಗ ನೆರವಿಗೆ ಬರುತ್ತವೆ. ಮೊದಲನೆಯದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಸೇತುವೆಯ ಅಗಲ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿ.ಮೀ. ಲೆಕ್ಕದಲ್ಲಿ. ಇವುಗಳ ಜೊತೆಗೆ ಮಾದರಿ ಸಂಖ್ಯೆ ಹಾಗೂ ಬಣ್ಣದ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಹಳೆಯ, ಕೆಲಸಕ್ಕೆ ಬಾರದ ಫ್ರೇಮುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟುಕೊಂಡರೆ ಅಪರೂಪದ ಭಾಗಗಳು ಅಲ್ಲಿಯೇ ಸಿಗುವುದುಂಟು.

ದಾಸ್ತಾನಿನ ಲೆಕ್ಕ

ಮಾರುಕಟ್ಟೆಯಲ್ಲಿ ಹಲವು ಖಾನೆಗಳ ಡಬ್ಬಿಯಲ್ಲಿ ಮಿಶ್ರ ಸ್ಕ್ರೂಗಳು ದೊರೆಯುತ್ತವೆ. ಆರಂಭಕ್ಕೆ ಒಂದು ಡಬ್ಬಿ ಒಳ್ಳೆಯದೇ. ಆದರೆ ಹೆಚ್ಚು ನಡೆಯುವ ಎರಡು ಮೂರು ಖಾನೆಗಳು ಬೇಗ ಬರಿದಾಗಿ, ಉಳಿದವು ವರ್ಷಗಟ್ಟಲೆ ತುಂಬಿಯೇ ಇರುತ್ತವೆ. ಆಗ ಮತ್ತೆ ಅದೇ ಡಬ್ಬಿ ಕೊಳ್ಳದೆ ಬರಿದಾದ ಅಳತೆಗಳನ್ನಷ್ಟೇ ಬಿಡಿಯಾಗಿ ತರಿಸಬೇಕು.

ಯಾವ ಅಳತೆ ಹೆಚ್ಚು ನಡೆಯುತ್ತದೆ ಎಂಬುದನ್ನು ಹೇಳಬಲ್ಲದ್ದು ಮಾರಾಟಗಾರರ ಪಟ್ಟಿಯಲ್ಲ, ರಿಪೇರಿಯ ವಹಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಫ್ರೇಮಿನ ಬಗೆ, ಬೇಕಾದ ಭಾಗ, ಅದರ ಅಳತೆ ಬರೆದು, ಕೊನೆಯಲ್ಲಿ 'ಇತ್ತು' ಅಥವಾ 'ಇರಲಿಲ್ಲ' ಎಂದು ಗುರುತಿಸಿದರೆ ಸಾಕು. ಮೂರು ತಿಂಗಳಲ್ಲಿ ಆ ಊರಿನ ಬೇಡಿಕೆಯ ಚಿತ್ರ ಸ್ಪಷ್ಟವಾಗುತ್ತದೆ. 'ಇರಲಿಲ್ಲ' ಎಂಬ ಸಾಲುಗಳೇ ಮುಂದಿನ ಖರೀದಿಯ ಪಟ್ಟಿ.

ಉದಾಹರಣೆಗೆ, 1.4 ಮಿ.ಮೀ. ಸ್ಕ್ರೂ ವಾರಕ್ಕೆ 10 ಖರ್ಚಾಗುತ್ತದೆ, ಹುಬ್ಬಳ್ಳಿಯಿಂದ ಸರಕು ಬರಲು ಎರಡು ವಾರ ಬೇಕು ಎಂದಿಟ್ಟುಕೊಳ್ಳೋಣ. ಆ ಅವಧಿಗೆ 20 ಹಾಗೂ ವಿಳಂಬವಾದರೆ ಇರಲೆಂದು 10 ಸೇರಿಸಿ, ಡಬ್ಬಿಯಲ್ಲಿ 30 ಉಳಿದಾಗಲೇ ಬೇಡಿಕೆ ಸಲ್ಲಿಸಬೇಕು. ಈ ವಸ್ತುಗಳ ಬೆಲೆ ಅತ್ಯಲ್ಪವಾದ್ದರಿಂದ ತುಸು ಹೆಚ್ಚಾಗಿ ಇಟ್ಟರೆ ನಷ್ಟವಿಲ್ಲ. ಇಲ್ಲದಿದ್ದರೆ ಗ್ರಾಹಕರಿಗೂ ಅಂಗಡಿಗೂ ನಷ್ಟ.

ಗ್ರಾಹಕರಿಗೆ ಸೂಚನೆ

ಸ್ಕ್ರೂ ಬಿದ್ದಾಗ ಕ್ಷಣದಲ್ಲಿ ಒಣಗುವ ಅಂಟನ್ನು ಹಚ್ಚುವವರು ಅನೇಕರು. ಅದರ ಆವಿ ಗಾಜಿನ ಮೇಲೆ ಬಿಳಿಯ ಪೊರೆಯಂತೆ ಕೂರುತ್ತದೆ, ಕೀಲು ಅಂಟಿಕೊಂಡು ಮುಂದೆ ರಿಪೇರಿಗೂ ಬಾರದಾಗುತ್ತದೆ. ಅಂಗಡಿಗೆ ಹೋಗುವವರೆಗೆ ದಾರದ ಗಂಟೋ, ತೆಳುವಾದ ತಂತಿಯೋ ವಾಸಿ. ಬಿದ್ದ ಸ್ಕ್ರೂ ಸಿಕ್ಕಿದರೆ ಕಾಗದದಲ್ಲಿ ಸುತ್ತಿ ತರಬೇಕು, ಕಡ್ಡಿ ಮುರಿದಿದ್ದರೆ ಎರಡೂ ತುಂಡುಗಳನ್ನು ತರಬೇಕು. ದೂರದಿಂದ ಬರುವವರು ಕಡ್ಡಿಯ ಮೇಲಿನ ಸಂಖ್ಯೆಗಳನ್ನು ಮೊದಲೇ ಫೋನಿನಲ್ಲಿ ಅಂಗಡಿಗೆ ತಿಳಿಸಿದರೆ, ಭಾಗ ಇದೆಯೇ ಇಲ್ಲವೇ ಎಂಬುದು ಬಸ್ಸು ಹತ್ತುವ ಮುನ್ನವೇ ಖಚಿತವಾಗುತ್ತದೆ.