ವಿಡಿಯೋ ಆಟಗಳ ಲೋಕದಲ್ಲಿ ಸ್ತ್ರೀವಾದದ ವಿವಾದ

ವಿಡಿಯೋ ಆಟಗಳಲ್ಲಿ ಸ್ತ್ರೀಯರ ಚಿತ್ರಣವೆಂತಹುದೆಂಬ ಪ್ರಶ್ನೆಯನ್ನೆತ್ತಿ, 2012ರಲ್ಲಿ ವಿಮರ್ಶಕಿ ಅನಿತಾ ಸರ್ಕೀಸಿಯನ್ ಅವರು ಚಿತ್ರಮಾಲಿಕೆಯೊಂದಕ್ಕಾಗಿ ಸಾರ್ವಜನಿಕರಿಂದ 6,000 ಡಾಲರುಗಳನ್ನು ಬೇಡಿದರು. 1,58,000ಕ್ಕೂ ಮಿಗಿಲಾಗಿ ಸಂದಿತು. ಧನದೊಡನೆ ನಿಂದೆ, ಬೆದರಿಕೆಗಳೂ ಬಂದುವು.

2014ರ ಆಗಸ್ಟಿನಲ್ಲಿ ‘ಗೇಮರ್‌ಗೇಟ್’ ಎಂಬ ಆಂದೋಲನವು ತಲೆಯೆತ್ತಿತು. ಪತ್ರಿಕಾಧರ್ಮದ ರಕ್ಷಣೆಯೇ ತಮ್ಮ ಉದ್ದೇಶವೆಂದು ಅದರ ಪಕ್ಷದವರು ಸಾರಿದರೂ, ಆಟಗಳನ್ನು ರಚಿಸುವ ಮತ್ತು ವಿಮರ್ಶಿಸುವ ಸ್ತ್ರೀಯರೇ ಅದರ ಮುಖ್ಯ ಗುರಿಯಾದುದನ್ನು ನಾವು ಕಾಣುತ್ತೇವೆ. ಆ ವರ್ಷದ ಅಕ್ಟೋಬರಿನಲ್ಲಿ ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸರ್ಕೀಸಿಯನ್ನರ ಉಪನ್ಯಾಸವು ಏರ್ಪಟ್ಟಿರಲು, ಸಾಮೂಹಿಕ ಹತ್ಯೆಯ ಅನಾಮಧೇಯ ಬೆದರಿಕೆ ಬಂದಿತು. ಪರವಾನಗಿಯುಳ್ಳವರು ಸಭೆಗೆ ಶಸ್ತ್ರ ತರುವುದನ್ನು ಆ ಸಂಸ್ಥಾನದ ಕಾನೂನಿನಂತೆ ತಡೆಯಲಾಗದಾಗಿ, ಅವರು ಉಪನ್ಯಾಸವನ್ನು ಕೈಬಿಟ್ಟರು.

ಅನಾಮಧೇಯನೊಬ್ಬನ ಅಪರಾಧವನ್ನು ಪಕ್ಷದವರೆಲ್ಲರ ಮೇಲೆ ಹೊರಿಸುವುದು ಯುಕ್ತವಲ್ಲ. ಆದರೆ ವಾದವು ಉತ್ತರದಿಂದ ಮುಗಿಯದೆ ಭಯದಿಂದ ನಿಂತಿತೆಂಬುದು ನಿರ್ವಿವಾದ. ವಿದ್ಯಾಲಯಗಳಲ್ಲಿರುವ ನಾವು ಮರೆಯಬಾರದುದು ಇದನ್ನೇ.