ಸಂಬಳದ ಲೆಕ್ಕವೂ ಯಂತ್ರವೂ

ನೌಕರರ ಸಂಬಳದ ಲೆಕ್ಕವು ಮೇಲ್ನೋಟಕ್ಕೆ ಸುಲಭವಾಗಿ ತೋರಿದರೂ ವಸ್ತುತಃ ಬಹಳ ತೊಡಕಿನದು. ಹಾಜರಿ, ಹೆಚ್ಚುವರಿ ದುಡಿಮೆ, ರಜೆ, ತೆರಿಗೆ, ಮುಂಗಡದ ಕಡಿತ, ಇವುಗಳಲ್ಲಿ ಯಾವುದೊಂದು ತಪ್ಪಿದರೂ ಒಂದು ಸಂಸಾರವು ತೊಂದರೆಗೊಳಗಾಗುವುದು. ಈ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸಿದವರ ಚರಿತ್ರೆಯಲ್ಲಿ ಎರಡು ಪ್ರಸಂಗಗಳು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡತಕ್ಕವಾಗಿವೆ.

ಮೊದಲನೆಯದು ಲಂಡನ್ನಿನ ಜೆ. ಲಯನ್ಸ್ ಕಂಪೆನಿಯದು. ಚಹದ ಅಂಗಡಿಗಳಿಗೆ ಹೆಸರಾಗಿದ್ದ ಈ ಸಂಸ್ಥೆಯು 1947ರಲ್ಲಿ ಥಾಂಪ್ಸನ್, ಸ್ಟ್ಯಾಂಡಿಂಗ್‌ಫರ್ಡ್ ಎಂಬ ಇಬ್ಬರು ಅಧಿಕಾರಿಗಳನ್ನು ಕಚೇರಿ ಕೆಲಸದ ಹೊಸ ಪದ್ಧತಿಗಳನ್ನು ನೋಡಿಬರಲೆಂದು ಅಮೆರಿಕಕ್ಕೆ ಕಳುಹಿಸಿತು. ತಮ್ಮ ನಾಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೇ ಮಾರಿಸ್ ವಿಲ್ಕ್ಸ್ ಅವರು ಗಣಕಯಂತ್ರವೊಂದನ್ನು ನಿರ್ಮಿಸುತ್ತಿರುವರೆಂಬ ಸಂಗತಿಯು ಅವರಿಗೆ ತಿಳಿದುಬಂದುದು ಅಲ್ಲಿಯೇ. ವ್ಯಾಪಾರಕ್ಕೊದಗುವ ಸಿದ್ಧಯಂತ್ರವು ಆಗ ಕೊಳ್ಳಲು ದೊರೆಯುತ್ತಿರಲಿಲ್ಲ. ಆದುದರಿಂದ ಕಂಪೆನಿಯು ಕೇಂಬ್ರಿಜ್ಜಿಗೆ 3,000 ಪೌಂಡುಗಳ ನೆರವಿತ್ತು, ಅಲ್ಲಿಯ ಮಾದರಿಯನ್ನನುಸರಿಸಿ ಪಿಂಕರ್‌ಟನ್ ಅವರ ನೇತೃತ್ವದಲ್ಲಿ ‘ಲಿಯೋ’ ಎಂಬ ತನ್ನದೇ ಯಂತ್ರವನ್ನು ಕಟ್ಟಿಸಿಕೊಂಡಿತು. 1951ರಲ್ಲಿ ಅದು ಬೇಕರಿಯ ಲೆಕ್ಕಗಳನ್ನು ಕೈಗೊಂಡಿತು.

ಸಂಬಳದ ಲೆಕ್ಕದ ಸರದಿ ಬಂದಾಗ ಕಂಪೆನಿಯು ಆತುರಪಡಲಿಲ್ಲ. ಡೇವಿಡ್ ಕ್ಯಾಮಿನರ್ ಮೊದಲಾದವರು ಗುಮಾಸ್ತರ ಕೆಲಸದ ಪ್ರತಿಯೊಂದು ಮೆಟ್ಟಿಲನ್ನೂ ಪರಿಶೀಲಿಸಿದ ಬಳಿಕವೇ ಯಂತ್ರಕ್ಕೆ ಆದೇಶಗಳನ್ನು ರಚಿಸಿದರು. ಯಂತ್ರವು ಕೆಲಸ ಮಾಡತೊಡಗಿದ ಮೇಲೂ ಗುಮಾಸ್ತರು ಕೆಲವು ವಾರ ಹಳೆಯ ಕ್ರಮದಲ್ಲಿಯೇ ಲೆಕ್ಕ ಹಾಕುತ್ತಿದ್ದರು; ಎರಡನ್ನೂ ತಾಳೆ ನೋಡಲಾಗುತ್ತಿತ್ತು. 1954ರ ಫೆಬ್ರವರಿಯಲ್ಲಿ ಮಾತ್ರವೇ ಯಂತ್ರವನ್ನು ಪೂರ್ಣವಾಗಿ ನಂಬಲಾಯಿತು. ಒಬ್ಬನ ಲೆಕ್ಕಕ್ಕೆ ಗುಮಾಸ್ತನಿಗೆ 8 ನಿಮಿಷ ಹಿಡಿಯುತ್ತಿದ್ದುದು ಯಂತ್ರಕ್ಕೆ ಒಂದೂವರೆ ಸೆಕೆಂಡಿನ ಕೆಲಸವಾಯಿತು. ಡ್ಯಾಗನಂನ ಫೋರ್ಡ್ ಮೋಟಾರು ಕಾರ್ಖಾನೆಯೂ ತನ್ನ ಸಂಬಳದ ಲೆಕ್ಕವನ್ನು ಲಿಯೋವಿಗೆ ವಹಿಸಿತು.

ಎರಡನೆಯ ಪ್ರಸಂಗವು ಆರು ದಶಕಗಳ ಅನಂತರ ಕೆನಡಾ ದೇಶದಲ್ಲಿ ನಡೆದುದು. ಸುಮಾರು 2,90,000 ಸರ್ಕಾರಿ ನೌಕರರಿಗೆ ಸಂಬಳ ಹಂಚಲು ‘ಫೀನಿಕ್ಸ್’ ಎಂಬ ವ್ಯವಸ್ಥೆಯನ್ನು 2016ರಲ್ಲಿ ಜಾರಿಗೆ ತಂದರು. ಈ ವೇಳೆಗೆ ಕೊಳ್ಳತಕ್ಕ ಸಾಮಗ್ರಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಾಳ್ಮೆಗೆ. ಸಂಬಳದ ನಿಯಮಗಳೇ 80,000ಕ್ಕೆ ಮೀರಿದ್ದವು. ಹಣ ಸಾಲದೆಂದು ಕೆಲವು ಅಂಗಗಳನ್ನು ಕೈಬಿಡಲಾಯಿತು. ಒಂದು ಇಲಾಖೆಯಲ್ಲಿ ಮೊದಲು ನಡೆಸಬೇಕಾಗಿದ್ದ ಪ್ರಯೋಗವನ್ನು ರದ್ದುಗೊಳಿಸಲಾಯಿತು. ವರ್ಷಕ್ಕೆ 7 ಕೋಟಿ ಡಾಲರುಗಳ ಉಳಿತಾಯವನ್ನು ನಿರೀಕ್ಷಿಸಿ, ಅನುಭವವುಳ್ಳ ಸಂಬಳದ ಗುಮಾಸ್ತರ ಸ್ಥಾನಗಳನ್ನು ಮುಂಚೆಯೇ ತೆಗೆದುಹಾಕಲಾಗಿತ್ತು. ಇದು ಹೊಳೆ ದಾಟುವುದಕ್ಕೆ ಮೊದಲೇ ಅಂಬಿಗನನ್ನು ಬೀಳ್ಕೊಟ್ಟಂತಾಯಿತು. ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಕಡಮೆ ಬಂದಿತು, ಮತ್ತೆ ಕೆಲವರಿಗೆ ಹೆಚ್ಚಾಗಿ ಬಂದು ಹಿಂದಿರುಗಿಸುವ ಕಷ್ಟವೊದಗಿತು. 2018ರಲ್ಲಿ ದೇಶದ ಮಹಾಲೆಕ್ಕ ಪರಿಶೋಧಕರು ಇದನ್ನು ಊಹೆಗೂ ನಿಲುಕದ ವೈಫಲ್ಯವೆಂದು ನಿರ್ಣಯಿಸಿದರು.

ಲಿಯೋ ಯಂತ್ರದ ಶಕ್ತಿಯು ಇಂದಿನ ಸಾಮಗ್ರಿಯ ಮುಂದೆ ಅತ್ಯಲ್ಪವಾದುದು. ಆದರೂ ಅದು ಗೆದ್ದಿತು, ಇದು ಸೋತಿತು. ಆದುದರಿಂದ ಇಂಥ ಸಾಧನವನ್ನು ಆರಿಸುವ ವ್ಯಾಪಾರಿಯು ಅದರ ಬೆಲೆಯನ್ನೂ ವೇಗವನ್ನೂ ವಿಚಾರಿಸುವುದಕ್ಕೆ ಮೊದಲು ತನ್ನ ಕಚೇರಿಯ ಕೆಲಸವನ್ನು ತಾನೇ ಚೆನ್ನಾಗಿ ಅರಿಯಬೇಕು. ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಪೈಸೆಗೆ ಪೈಸೆ ಕೂಡುವವರೆಗೆ ಬಲ್ಲ ಗುಮಾಸ್ತನನ್ನು ಬಿಡಲಾಗದು.